ಯೊಶಿನೊ, ತಾತ್ಸುತ ಅಂತ ಎರಡು ಕೂಸುಗಳು

ಇಸೊದಾ ಕೊರ್ಯುಸಾಯ್ ಅಂತ ಒಬ್ಬ ಜಪಾನಿನವ. ಮೊದಲು ಸಮುರಾಯ್ ಆಗಿದ್ದವ, ಆಮೇಲೆ ಚಿತ್ರ ಬರೆಯುವ ಕೆಲಸಕ್ಕೆ ಬಂದವ. 1770ರ ದಶಕದ ಮಧ್ಯದಲ್ಲಿ ಅವ ಶುರು ಮಾಡಿದ ಒಂದು ಸೀರೀಸ್ ಉಂಟು, ನೂರಕ್ಕಿಂತ ಜಾಸ್ತಿ ಚಿತ್ರ, ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಸೀನು. ಮಧ್ಯದಲ್ಲಿ ಒಬ್ಬಳು ಹೆಂಗಸು, ತಲೆ ತುಂಬ ಹೇರ್‌ಪಿನ್ನು, ಮೈಮೇಲೆ ಒಂದರ ಮೇಲೊಂದು ಕಿಮೋನೊ, ಸೊಂಟದ ಪಟ್ಟಿಯನ್ನು ಬೆನ್ನಿಗೆ ಕಟ್ಟದೆ ಮುಂದೆ ಹೊಟ್ಟೆ ಹತ್ರ ದೊಡ್ಡ ಗಂಟು ಹಾಕಿ ಬಿಟ್ಟದ್ದು. ಅವಳ ಹಿಂದೆಯೋ ಪಕ್ಕದಲ್ಲೋ ಹದಿನೈದು ಹದಿನಾರು ವರ್ಷದ ಹುಡುಗಿಯರು. ಮತ್ತೆ ಅವರ ಸೊಂಟದ ಎತ್ತರಕ್ಕೆ ಎರಡು ಪುಟ್ಟ ಕೂಸುಗಳು, ಅಂದ್ರೆ ಸಣ್ಣ ಹುಡುಗಿಯರು, ಇಬ್ಬರಿಗೂ ಒಂದೇ ತರದ ಬಟ್ಟೆ, ಜೋಡಿ ಬೊಂಬೆ ಇಟ್ಟ ಹಾಗೆ.

ಎಲ್ಲರೂ ಮಧ್ಯದವಳನ್ನು ನೋಡ್ತಾರೆ, ಬರೆದವನೂ ಅದಕ್ಕೇ ಬರೆದದ್ದು. ನನ್ನ ಕಣ್ಣು ಮಾತ್ರ ಆ ಎರಡು ಕೂಸುಗಳ ಮೇಲೆ ಸಿಕ್ಕಿಹಾಕಿಕೊಂಡು ಕೆಲವು ತಿಂಗಳೇ ಆಯ್ತು, ಅದನ್ನೇ ಇಲ್ಲಿ ಬರೀತಿದ್ದೇನೆ.

ನನಗೆ ಈ ಚಿತ್ರಗಳು ಸಿಕ್ಕಿದ್ದು ಕ್ಯಾಲೆಂಡರ್ ದೆಸೆಯಿಂದ. ನಮ್ಮದು ಬದಿಯಡ್ಕ ಕಡೆ ಒಂದು ಸಣ್ಣ ಪ್ರೆಸ್ಸು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಿಲ್ ಬುಕ್ಕು, ಎಲೆಕ್ಷನ್ ಬಂದ್ರೆ ಒಂದು ಬದಿ ಕನ್ನಡ ಒಂದು ಬದಿ ಮಲಯಾಳ ನೋಟೀಸು. ನವೆಂಬರ್ ಹಿಡಿದು ಕ್ಯಾಲೆಂಡರ್ ಪಾರ್ಟಿಗಳು ಬರ್ಲಿಕ್ಕೆ ಶುರು, ಅವರಿಗೆ ಪ್ರತಿ ವರ್ಷ ಹೊಸ ಚಿತ್ರ ಬೇಕು, ಚಿತ್ರಕ್ಕೆ ಅಂತ ಹತ್ತು ರೂಪಾಯಿ ಬಿಚ್ಚಲಿಕ್ಕೆ ಮಾತ್ರ ಮನಸ್ಸಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಕಾಪಿರೈಟ್ ಇಲ್ಲದ ಹಳೇ ಕಲಾಕೃತಿಗಳ ಫೋಟೊ ಲಕ್ಷಗಟ್ಟಲೆ ಫ್ರೀ ಬಿಟ್ಟಿದೆ, ಅದರೊಳಗೆ ಹೂವು ಹಕ್ಕಿ ಹುಡುಕ್ತಾ ಹುಡುಕ್ತಾ ಈ ಜಪಾನಿ ಹೆಂಗಸರ ಓಣಿಗೆ ಬಂದು ನಿಂತೆ ನಾನು. ಮಜಾ ಎಂತ ಹೇಳಿದ್ರೆ ಇವರ ಬಣ್ಣದ ಪ್ರಿಂಟಿನ ಕಥೆ ಶುರು ಆದದ್ದೂ ಕ್ಯಾಲೆಂಡರಿನಿಂದಲೇ! ಅವರ ಹಳೇ ಪಂಚಾಂಗದಲ್ಲಿ ಯಾವ ತಿಂಗಳಿಗೆ 30 ದಿನ ಯಾವುದಕ್ಕೆ 29 ಅನ್ನುವುದು ವರ್ಷ ವರ್ಷ ಬದಲಾಗ್ತಿತ್ತು, ಕ್ಯಾಲೆಂಡರ್ ಅಚ್ಚು ಹಾಕುವ ಹಕ್ಕು ಕೆಲವರಿಗೆ ಮಾತ್ರ. ಹಾಗಾಗಿ ಎದೋ ಪಟ್ಟಣದ, ಅಂದ್ರೆ ಈಗಿನ ಟೋಕಿಯೊದ, ದುಡ್ಡಿರುವ ಶೋಕಿಯವರು ಚಿತ್ರದ ಒಳಗೆ, ಬಟ್ಟೆಯ ಡಿಸೈನಿನ ಒಳಗೆ ತಿಂಗಳಿನ ನಂಬರು ಅಡಗಿಸಿ ಪ್ರಿಂಟ್ ಮಾಡಿಸಿ ಒಬ್ಬರಿಗೊಬ್ಬರು ಹಂಚಿಕೊಳ್ತಿದ್ದರು. 1765ರಲ್ಲಿ ಆ ಹುಚ್ಚು ಜೋರಾಗಿ ಸುಜುಕಿ ಹರುನೊಬು ಅನ್ನುವವ ಅಂಥದಕ್ಕೆ ಚಿತ್ರ ಬರೆದುಕೊಟ್ಟ, ಖರ್ಚಿನ ಚಿಂತೆ ಇಲ್ಲದ ಪಾರ್ಟಿ ಸಿಕ್ಕಿದ್ದರಿಂದ ಎರಡು ಮೂರು ಬಣ್ಣದಲ್ಲೇ ನಿಂತಿದ್ದ ಕೆಲಸ ಪೂರ್ತಿ ಬಣ್ಣಕ್ಕೆ ಏರಿತು. ಆಮೇಲೆ ಪಬ್ಲಿಷರುಗಳು ಆ ನಂಬರು ತೆಗೆದು ಅದೇ ಚಿತ್ರ ಅಂಗಡಿಯಲ್ಲಿ ಮಾರಿದರು. ನಮ್ಮ ಕ್ಯಾಲೆಂಡರ್ ಪಾರ್ಟಿಗಳಿಗೆ ಈ ಕಥೆ ಹೇಳಬೇಕು ಒಮ್ಮೆ.

ಇನ್ನು ಯೊಶಿವಾರ, ಈ ಚಿತ್ರದ ಹೆಂಗಸರು ಇದ್ದ ಜಾಗ. ಎದೋದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟ ವೇಶ್ಯೆಯರ ಕೇರಿ. 1617ರಲ್ಲಿ ಪರ್ಮಿಷನ್, 1657ರ ದೊಡ್ಡ ಬೆಂಕಿಯಲ್ಲಿ ಊರಿಗೆ ಊರೇ ಸುಟ್ಟಾಗ ಇದನ್ನೂ ಅಸಕುಸ ಅನ್ನುವ ಜಾಗದ ಆಚೆ ಗದ್ದೆಗಳ ನಡುವೆ ಸಾಗಿಸಿದರು. ಸುತ್ತ ನೀರಿನ ಕಂದಕ, ಒಳಗೆ ಹೊರಗೆ ಹೋಗ್ಲಿಕ್ಕೆ ಒಂದೇ ಮುಖ್ಯ ದ್ವಾರ. ಗಂಡಸರು ಬರಬಹುದು ಹೋಗಬಹುದು, ಒಳಗಿನ ಹೆಂಗಸರು ಸುಮ್ಮನೆ ಹೊರಗೆ ಕಾಲಿಡುವ ಹಾಗಿಲ್ಲ. ಅಲ್ಲಿ ಸಾವಿರಗಟ್ಟಲೆ ಹೆಂಗಸರು, ಹೆಚ್ಚಿನವರು ಬಡ ಮನೆಯಿಂದ ಬಂದವರು, ಅಪ್ಪನಿಗೆ ಮೊದಲೇ ಒಂದು ಗಂಟು ದುಡ್ಡು ಕೊಟ್ಟು ಇಷ್ಟು ವರ್ಷ ದುಡಿಯಬೇಕು ಅಂತ ಕಾಗದ ಮಾಡಿಸಿಕೊಳ್ತಿದ್ದರು. ಕಾಗದದಲ್ಲಿ ಅದು ನೌಕರಿ. ಚಿತ್ರದಲ್ಲಿ ಬರುವವರು ಆ ಸಾವಿರದಲ್ಲಿ ತುದಿಯ ಕೆಲವೇ ಮಂದಿ, ಓಯಿರಾನ್ ಅಂತ ಅವರಿಗೆ, ಉಳಿದವರನ್ನು ಯಾರು ಪ್ರಿಂಟ್ ಹಾಕ್ತಾರೆ.

ಈ ಓಯಿರಾನ್ ಒಬ್ಬಳೇ ಹೊರಗೆ ಕಾಣಿಸಿಕೊಳ್ಳುವುದು ಅಂತಲೇ ಇಲ್ಲ. ಗಿರಾಕಿಯನ್ನು ನೋಡ್ಲಿಕ್ಕೆ ನಡುಬೀದಿಯಲ್ಲಿ ಹೋಗುವಾಗ ಅದು ಮೆರವಣಿಗೆ, ಮುಂದೆ ಮನೆಯ, ಅಂದ್ರೆ ಅವಳು ದುಡಿಯುವ ವೇಶ್ಯಾಗೃಹದ, ಗುರುತಿನ ಲಾಟೀನು ಹಿಡಿದ ಆಳು, ಹಿಂದೆ ಉದ್ದ ಕೋಲಿನ ಕೊಡೆ ಹಿಡಿದವ, ನಡುವೆ ಇವಳು ಗೇಣೆತ್ತರದ ಕಪ್ಪು ಮೆರುಗಿನ ಮರದ ಮೆಟ್ಟು ಹಾಕಿ, ಚಳಿಗಾಲದಲ್ಲೂ ಬರಿಗಾಲು, ಜಪಾನಿ ಲಿಪಿಯ ಎಂಟರ (八) ಆಕಾರದಲ್ಲಿ ಕಾಲು ಸುತ್ತಿಸಿ ಸುತ್ತಿಸಿ ನಡೆಯುವುದು. ಕಲಿಯುತ್ತಿರುವ ಹದಿಹರೆಯದವರಿಗೆ ಶಿಂಜೋ ಅಂತ ಹೆಸರು. ಎಲ್ಲರ ಮೇಲೆ ಕಣ್ಣಿಡ್ಲಿಕ್ಕೆ ಯಾರಿತೆ ಅಂತ ಒಬ್ಬಳು ವಯಸ್ಸಾದ ಹೆಂಗಸು, ಅವಳೂ ಸಾಧಾರಣ ಅಲ್ಲೇ ದುಡಿದು ಮುದಿಯಾದವಳು. ಮತ್ತೆ ಐದಾರು ವರ್ಷದಿಂದ ಹದಿಮೂರು ಹದಿನಾಲ್ಕರವರೆಗಿನ ಕೂಸುಗಳು, ಅವರೇ ಕಮುರೊ. ತಂಬಾಕಿನ ಪೆಟ್ಟಿಗೆ ತರುವುದು, ಕಾಗದ ಮುಟ್ಟಿಸುವುದು, ಸಾಕೆ ಅನ್ನುವ ಅಕ್ಕಿಯ ಮದ್ಯ ಬಗ್ಗಿಸುವುದು, ಅಕ್ಕ ಕರೆದಾಗ ಓಡಿಬರುವುದು, ಹೊರಗೆ ಹೋಗುವಾಗ ಜೋಡಿಯಾಗಿ ಜೊತೆ ನಡೆಯುವುದು. ಓಯಿರಾನನ್ನು ಅಕ್ಕ ಅಂತಲೇ ಕರೆಯುವುದು ಅವರು. ಚುರುಕು, ನೋಡ್ಲಿಕ್ಕೆ ಚಂದ ಅಂತ ಕಂಡವರನ್ನು ಮನೆಯ ಯಜಮಾನನೇ ಬೇರೆ ಇಟ್ಟು ಅಕ್ಷರ, ಕೊಟೊ ಶಾಮಿಸೆನ್ ಅನ್ನುವ ತಂತಿವಾದ್ಯ, ಕವಿತೆ, ಚಹಾದ ಶಾಸ್ತ್ರ ಎಲ್ಲ ಕಲಿಸ್ತಿದ್ದ. ಮುಂದಿನ ಓಯಿರಾನ್ ತಯಾರಾಗಬೇಕಲ್ಲ.

ಇಲ್ಲಿವರೆಗೆ ಓದಿದ್ದರೆ ಎಂತ ಅನಿಸ್ತದೆ, ಆಯ್ತು, ಹಳೇ ಕಾಲ, ಎಲ್ಲ ಕಡೆ ಇತ್ತು ಇದು, ನಮ್ಮಲ್ಲೂ ಇತ್ತು. ನನಗೂ ಹಾಗೇ ಇತ್ತು, ಚಿತ್ರದ ಬದಿಯಲ್ಲಿರುವ ಹೆಸರುಗಳನ್ನು ನೋಡುವವರೆಗೆ.

ಈ ಪ್ರಿಂಟುಗಳಲ್ಲಿ ಮನೆಯ ಹೆಸರು, ಓಯಿರಾನ್ ಹೆಸರು, ಅದರ ಪಕ್ಕದಲ್ಲಿ ಕಮುರೊಗಳ ಹೆಸರೂ ಇರ್ತದೆ, ಸಣ್ಣಕ್ಕೆ. ಮ್ಯೂಸಿಯಂನವರು ಅದನ್ನು ಓದಿ ಕೆಳಗೆ ಕೊಟ್ಟಿರ್ತಾರೆ. ಓಗಿಯಾ ಅನ್ನುವ ಮನೆಯ ಹನಾಓಗಿ, ಅವಳ ಕಮುರೊಗಳು ಯೊಶಿನೊ ಮತ್ತು ತಾತ್ಸುತ. ಯೊಶಿನೊ ಅಂದ್ರೆ ಚೆರ್ರಿ ಹೂವಿಗೆ ಪ್ರಸಿದ್ಧ ಊರು, ತಾತ್ಸುತ ಶರತ್ಕಾಲದ ಕೆಂಪು ಮೇಪಲ್ ಎಲೆಗೆ. ಅದೇ ಮನೆಯ ತಕಿಗವಾ, ಹೆಸರಲ್ಲೇ ನೀರು ಉಂಟು, ಅವಳ ಕೂಸುಗಳು ಮೆನಾಮಿ ಒನಾಮಿ, ಹೆಣ್ಣಲೆ ಗಂಡಲೆ. ಮಾತ್ಸುಬಾಯಾದ ಸೆಗವಾ, ಅವಳಿಗೆ ಸಸನೊ ತಕೆನೊ, ಎರಡೂ ಬಿದಿರಿನ ಜಾತಿ. ಚೋಜಿಯಾದ ಹಿನಜುರು, ಅವಳದ್ದು ಕೊಕ್ಕರೆಯ ಹೆಸರು, ಕೂಸುಗಳು ತ್ಸುರುಜಿ ತ್ಸುರುನೊ, ಇವೂ ಕೊಕ್ಕರೆಗಳೇ. ಎಷ್ಟು ಚಂದ ಪ್ರಾಸ ಅಂತ ನೋಡ್ತಾ ಹೋದೆ ನಾನು, ಸೆಟ್ ಸೆಟ್ ಹೆಸರುಗಳು, ಬಟ್ಟೆ ಹೇಗೆ ಸೆಟ್ಟೋ ಹಾಗೆ.

ಮತ್ತೆ ಇನ್ನೊಬ್ಬ ಕಲಾವಿದನ ಹನಾಓಗಿ ಸಿಕ್ಕಿದಳು, ಕಮುರೊಗಳು ಯೊಶಿನೊ, ತಾತ್ಸುತ. ಬೇರೆ ವರ್ಷದ್ದು ಇನ್ನೊಂದು, ಪುನಃ ಯೊಶಿನೊ, ತಾತ್ಸುತ. ವರ್ಷ ಕಳೆದದ್ದು ಗೊತ್ತಾಗ್ತದೆ, ಹೇರ್‌ಸ್ಟೈಲ್ ಬದಲಾಗಿದೆ, ಕಲಾವಿದರು ಹೆಂಗಸರನ್ನು ಉದ್ದ ಉದ್ದ ಮಾಡಿ ಬರೀಲಿಕ್ಕೆ ಶುರು ಮಾಡಿದ್ದಾರೆ, ಕೂಸುಗಳು ಮಾತ್ರ ಅಷ್ಟೇ ಪುಟ್ಟ. ಮೊದಲು ನನಗೆ ತಲೆಗೆ ಹೋಗ್ಲಿಲ್ಲ ಆಮೇಲೆ ಹೋಯ್ತು, ಅದು ಕೂಸಿನ ಹೆಸರೇ ಅಲ್ಲ ಮಾರಾಯ್ರೆ, ಅದು ಪೋಸ್ಟು. ಹನಾಓಗಿ ಅನ್ನುವುದೂ ಒಬ್ಬಳಲ್ಲ, ಒಬ್ಬಳು ಹೋದ ಮೇಲೆ ಇನ್ನೊಬ್ಬಳು ಅದೇ ಹೆಸರು ಹೊತ್ತುಕೊಳ್ತಾಳೆ, ಎರಡನೇ ಹನಾಓಗಿ, ಮೂರನೇ, ನಾಲ್ಕನೇ. ಸೆಗವಾ ಕೂಡ ಹಾಗೇ, 1775ರಲ್ಲಿ ತೊರಿಯಾಮ ಅನ್ನುವ ಕುರುಡ ಬಡ್ಡಿ ಸಾಹುಕಾರ 1400 ರ್ಯೋ, ಅಂದ್ರೆ ಆಗಿನ ಚಿನ್ನದ ನಾಣ್ಯ, ಸುರಿದು ಬಿಡಿಸಿಕೊಂಡು ಹೋದದ್ದು ಐದನೇ ಸೆಗವಾಳನ್ನು, ಎದೋ ಊರಿಡೀ ಅದೇ ಸುದ್ದಿ ಆಗಿತ್ತಂತೆ. ಓಯಿರಾನ್ ಆದ್ರೆ ಎಷ್ಟನೆಯವಳು ಅಂತಲಾದರೂ ಲೆಕ್ಕ ಇಡ್ತಾರೆ. ಯೊಶಿನೊ ಎಷ್ಟನೆಯವಳು ಅಂತ ಯಾರೂ ಬರೆದಿಟ್ಟದ್ದು ನಾನು ಎಲ್ಲೂ ನೋಡ್ಲಿಲ್ಲ. ಕೂಸು ದೊಡ್ಡದಾಗಿ ಶಿಂಜೋ ಆಗ್ತದೆ, ಅದಕ್ಕೆ ಬೇರೆ ಹೆಸರು, ಖಾಲಿ ಆದ ಯೊಶಿನೊಗೆ ಇನ್ನೊಂದು ಆರು ವರ್ಷದ್ದು. ಮನೆಯಲ್ಲಿ ಅಮ್ಮ ಕರೀತಿದ್ದ ಹೆಸರು ಎಂತದು, ಅದು ಯಾವ ಪ್ರಿಂಟಿನಲ್ಲೂ ಇಲ್ಲ.

ಇನ್ನೊಂದು ವಿಷಯ, ಇದು ಕೇಳಿ ನನಗೆ ಮಂಡೆಬೆಚ್ಚ ಆದದ್ದು. ಈ ಕೂಸುಗಳ ಬಟ್ಟೆ, ಅಲಂಕಾರ, ಶಿಂಜೋ ಆಗುವಾಗಿನ ಫಂಕ್ಷನ್ನು, ಆ ದಿನ ಹಂಚುವ ಗಿಫ್ಟು, ಇದೆಲ್ಲದರ ಖರ್ಚು ಮನೆಯ ಯಜಮಾನ ಹಾಕುವುದಲ್ಲ, ಅಕ್ಕನೇ ಹಾಕಬೇಕು. ಅವಳ ಸ್ವಂತ ಕಿಮೋನೊ, ಹಾಸಿಗೆ, ಹೇರ್‌ಪಿನ್ನು ಕೂಡ ಅವಳದ್ದೇ ಲೆಕ್ಕಕ್ಕೆ. ಯಾರಾದರೂ ದೊಡ್ಡ ಗಿರಾಕಿ ಕೊಟ್ಟರೆ ಸರಿ, ಇಲ್ಲದಿದ್ರೆ ಸಾಲ. ಅಂದ್ರೆ ಚಿತ್ರದಲ್ಲಿ ಎಷ್ಟು ಜಾಸ್ತಿ ಝಗಮಗ ಉಂಟೋ ಅಷ್ಟು ಜಾಸ್ತಿ ಸಾಲ ಆ ಹೆಂಗಸಿನ ತಲೆಯ ಮೇಲೆ, ಸಾಲ ಜಾಸ್ತಿ ಆದಷ್ಟು ಆ ಕಂದಕ ದಾಟುವ ದಿನ ದೂರ. ಕೊರ್ಯುಸಾಯ್ ಆ ಸೀರೀಸಿನಲ್ಲಿ ಬರೆದದ್ದು ಹೊಸ ವರ್ಷದ ಹೊಸ ಬಟ್ಟೆಗಳು, ಅವನ್ನು ಈ ಲೆಕ್ಕ ಗೊತ್ತಾದ ಮೇಲೆ ನೋಡಿ ಒಮ್ಮೆ. ಹೊಸ ವರ್ಷಕ್ಕೆ ಹೊಸತು ಹೊಲಿಸಲೇಬೇಕು, ಕೂಸುಗಳಿಗೂ ಹೊಲಿಸಬೇಕು, ಇಲ್ಲದಿದ್ರೆ ಮರ್ಯಾದೆ ಹೋಯ್ತು, ರೇಟು ಬಿತ್ತು.

ಹಾಗಾದ್ರೆ ಇದೆಲ್ಲ ಜಾಹೀರಾತಾ? ಹೌದು, ಬಹಳಷ್ಟು ಮಟ್ಟಿಗೆ ಜಾಹೀರಾತೇ, ನಾನು ದಿನಾ ಅದನ್ನೇ ಅಚ್ಚು ಹಾಕಿ ಊಟ ಮಾಡುವವ, ನೋಡಿದ ಕೂಡ್ಲೆ ಗೊತ್ತಾಗ್ತದೆ. ಮನೆಯ ಹೆಸರು, ವ್ಯಕ್ತಿಯ ಹೆಸರು, ಹೊಸ ಸ್ಟಾಕು, ಎಲ್ಲ ಉಂಟು. ತ್ಸುತಾಯಾ ಜೂಜಬುರೊ ಅಂತ ಒಬ್ಬ ಪಬ್ಲಿಷರ್, 1750ರಲ್ಲಿ ಯೊಶಿವಾರದ ಒಳಗೇ ಹುಟ್ಟಿದವ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾವ ದರ್ಜೆ ಅಂತ ಲಿಸ್ಟ್ ಕೊಡುವ ಗೈಡ್ ಪುಸ್ತಕ ವರ್ಷಕ್ಕೆ ಎರಡು ಸಲ ಬರ್ತಿತ್ತು, ಅವನ ದೊಡ್ಡ ಬಿಸಿನೆಸ್ಸೇ ಅದು. ಕೊರ್ಯುಸಾಯ್ ಸೀರೀಸಿನ ಶುರುವಿನಲ್ಲೂ ಅವನ ಕೈ ಉಂಟು, ನಿಶಿಮುರಾಯಾ ಅನ್ನುವ ದೊಡ್ಡ ಪಬ್ಲಿಷರ್ ಜೊತೆ. 1784ರಲ್ಲಿ ಕಿತಾಓ ಮಸನೊಬು ಬರೆದ ಒಂದು ಆಲ್ಬಮ್ ತಂದ, ದೊಡ್ಡ ಹಾಳೆ, ಒಂದೊಂದರಲ್ಲಿ ಇಬ್ಬಿಬ್ಬರು ಓಯಿರಾನ್, ಸುತ್ತ ಶಿಂಜೋ ಕಮುರೊಗಳ ಗುಂಪು, ಮೇಲೆ ಆ ಹೆಂಗಸರದ್ದೇ ಕೈಬರಹದಲ್ಲಿ ಕವಿತೆ. ಅಕ್ಷರ ಎಷ್ಟು ಚಂದ ಹೇಳಿದ್ರೆ ಫಾಂಟ್ ಮಾಡುವವರು ನೋಡಬೇಕು. ಮಾರ್ಕೆಟಿಂಗ್ ಅಂತ ಬದಿಗೆ ಇಡ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ, ಅವಳು ಕಲಿತ ವಿದ್ಯೆ ಅಲ್ವಾ ಅದು, ಅವಳ ಕೈಯೇ ಅಲ್ವಾ.

ಈಗ ಸ್ವಲ್ಪ ಪ್ರೆಸ್ಸಿನ ಮಾತು, ಬೇಡದವರು ಒಂದು ಪ್ಯಾರಾ ಹಾರಿ. ಚಿತ್ರ ಬರೆಯುವವ ಒಬ್ಬ, ಕೆತ್ತುವವ ಇನ್ನೊಬ್ಬ, ಅಚ್ಚು ಹಾಕುವವ ಮತ್ತೊಬ್ಬ, ದುಡ್ಡು ಹಾಕಿ ಎಲ್ಲ ನಡೆಸುವವ ಪಬ್ಲಿಷರ್. ಬರೆದವ ತೆಳು ಕಾಗದದಲ್ಲಿ ಗೆರೆಚಿತ್ರ ಮಾತ್ರ ಕೊಡ್ತಾನೆ, ಅದನ್ನು ಚೆರ್ರಿ ಮರದ ಹಲಗೆಗೆ ಬೋರಲು ಅಂಟಿಸಿ ಕಾಗದದ ಮೇಲಿಂದಲೇ ಕೆತ್ತುವುದು, ಅಂದ್ರೆ ಒರಿಜಿನಲ್ ಅಲ್ಲೇ ಖಲಾಸ್. ಆಮೇಲೆ ಬಣ್ಣಕ್ಕೊಂದು ಹಲಗೆ. ಹತ್ತು ಬಣ್ಣ ಇದ್ದರೆ ಒಂದೇ ಹಾಳೆಯನ್ನು ಹತ್ತು ಸಲ ಇಟ್ಟು ಉಜ್ಜಬೇಕು, ಮೆಷೀನಿಲ್ಲ, ಬಿದಿರಿನ ಸಿಪ್ಪೆ ಸುತ್ತಿದ ಬಾರೆನ್ ಅಂತ ಒಂದು ಬಿಲ್ಲೆ, ಅದರಲ್ಲಿ ಕೈಯಲ್ಲಿ ಉಜ್ಜುವುದು. ರಿಜಿಸ್ಟ್ರೇಶನ್, ಅಂದ್ರೆ ಪ್ರತಿ ಬಣ್ಣ ಸರಿಯಾದ ಜಾಗದಲ್ಲಿ ಕೂರಿಸುವುದು, ಹೇಗೆ? ಪ್ರತಿ ಹಲಗೆಯಲ್ಲೂ ಮೂಲೆಗೆ ಒಂದು ಎಲ್ ಆಕಾರದ ಗುರುತು, ಬದಿಗೊಂದು ನೇರ ಗುರುತು, ಕೆಂತೋ ಅಂತ, ಹಾಳೆಯ ಮೂಲೆ ಅಲ್ಲಿ ಕೂತರೆ ಆಯ್ತು, ಅಷ್ಟೇ ಟೆಕ್ನಿಕ್. ನಮ್ಮ ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣ ಕೂತುಕೊಳ್ಳದೆ ವಧುವಿನ ತುಟಿಯ ಕೆಂಪು ಗಲ್ಲಕ್ಕೆ ಜಾರಿದ ಕಾರ್ಡು ಎಷ್ಟು ಕಟ್ಟು ಹರಿದು ಬಿಸಾಡಿದ್ದುಂಟೋ ದೇವರಿಗೇ ಗೊತ್ತು, ಈ ಜನ ಕೂದಲೆಳೆಯಷ್ಟು ಗೆರೆಯ ಒಳಗೆ ಬಣ್ಣ ಕೂರಿಸಿದ್ದಾರೆ. ತಲೆ ಮುಖ ಕೆತ್ತುವುದು ಸೀನಿಯರ್, ಹಣೆಯ ಅಂಚಿನ ಕೂದಲು ಅವನ ಪರೀಕ್ಷೆ, ಬಟ್ಟೆ ಕೆತ್ತುವುದು ಜೂನಿಯರ್‌ಗಳು. ಬಿಳಿ ಬಟ್ಟೆಯ ನೇಯ್ಗೆ ತೋರಿಸ್ಲಿಕ್ಕೆ ಬಣ್ಣವೇ ಹಾಕದೆ ಹಲಗೆಗೆ ಒತ್ತಿ ಉಬ್ಬು ಬರಿಸುವುದು, ನಾವು ಎಂಬೋಸಿಂಗ್ ಅಂತ ಕಾರ್ಡಿಗೆ ಎಕ್ಸ್‌ಟ್ರಾ ಚಾರ್ಜ್ ಮಾಡ್ತೇವಲ್ಲ, ಅದು. ಇಷ್ಟೆಲ್ಲ ಆಗಿ ಒಂದು ಪ್ರಿಂಟಿನ ರೇಟು ಹೆಚ್ಚುಕಮ್ಮಿ ಒಂದು ಬಟ್ಟಲು ಸೋಬಾ ನೂಡಲ್ಸ್, ಅದಕ್ಕಿಂತ ಸ್ವಲ್ಪ ಮೇಲೆ. ಯೊಶಿವಾರದ ಒಳಗೆ ಹೋಗಿ ಓಯಿರಾನ್ ಮುಖ ನೋಡುವ ಯೋಗ್ಯತೆ ಇಲ್ಲದ ಬಡಗಿ, ಮೀನು ಮಾರುವವ, ಊರಿಂದ ಬಂದ ಯಾತ್ರಿಕ, ಅವನೂ ಒಂದು ಹಾಳೆ ಮಡಚಿ ತಗೊಂಡು ಹೋಗಬಹುದಿತ್ತು.

ಪ್ರೆಸ್ಸಿಗೆ ಒಬ್ಬರು ಅಕ್ಕ ಬಂದಿದ್ದರು, ಮಗಳ ಏಳನೇ ಬರ್ತ್‌ಡೇ, ಎಲ್ಲರ ಹಾಗೆ ಮಿಕ್ಕಿ ಮೌಸ್ ಬೇಡ ಬೇರೆ ಎಂತಾದರೂ ಬೇಕು ಅಂತ. ನನ್ನ ಸ್ಕ್ರೀನಿನಲ್ಲಿ ಈ ಚಿತ್ರ ತೆರೆದೇ ಇತ್ತು, ಆ ಎರಡು ಕಮುರೊಗಳನ್ನು ಕಂಡದ್ದೇ, "ಅಯ್ಯೋ ಇದು ಲಾಯ್ಕ ಇದ್ದು, ಇದನ್ನೇ ಹಾಕಿ." ಅದು ಬೇಡ ಅಕ್ಕಾ, ಬೇರೆ ತೋರುಸುತ್ತೆ ಅಂದೆ. "ಎಂತಕೆ ಬೇಡದ್ದು? ಚೆಂದ ಇದ್ದನ್ನೆ. ಈ ಕೂಸುಗೊ ಆರು?" ಈ ಕೂಸುಗಳು ಯಾರು ಅಂತ ಕೇಳಿದರೆ ಎಂತ ಹೇಳುವುದು ಈಗ. ಮಗಳು ಪಕ್ಕದಲ್ಲೇ ನಿಂತು ಸ್ಕ್ರೀನ್ ನೋಡ್ತಿದ್ದಾಳೆ, ಅವಳದ್ದೇ ಪ್ರಾಯ ಚಿತ್ರದ್ದಕ್ಕೂ. ಅವಳನ್ನು ಹೊರಗೆ ಬೆಕ್ಕಿನ ಮರಿ ತೋರಿಸ್ಲಿಕ್ಕೆ ಹುಡುಗನೊಟ್ಟಿಗೆ ಕಳಿಸಿ ಎರಡು ಮಾತಲ್ಲಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದರು, ಮತ್ತೆ "ಇಲ್ಲಿ ಆರಿಂಗೆ ಗೊಂತಾವ್ತು?" ಅಂದರು, ಕೆಟ್ಟ ಮನಸ್ಸಿನಿಂದ ಅಲ್ಲ, ಚಿತ್ರ ಅಷ್ಟು ಇಷ್ಟ ಆಗಿತ್ತು ಅವರಿಗೆ, ಮತ್ತು ಹೇಳಿದ್ದೂ ನಿಜವೇ, ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತುಂಟಲ್ಲ. ಕೊನೆಗೆ ಹಿರೊಶಿಗೆ ಅನ್ನುವ ಚಿತ್ರಗಾರ ಬರೆದ ಕಮೆಯಿದೊ ಊರಿನ ಪ್ಲಮ್ ತೋಟ ತೋರಿಸಿದೆ, 1857ರದ್ದು, ಮುಂದೆ ದೊಡ್ಡ ಕೊಂಬೆ, ಹಿಂದೆ ಕೆಂಪು ಆಕಾಶ. ಅದಾಯ್ತು. ಕಾರ್ಡು ಚಂದ ಬಂತು, ಆದ್ರೆ ಅವರ ಮನಸ್ಸು ಆ ಕೂಸುಗಳಲ್ಲೇ ಇತ್ತು ಅಂತ ನನಗೆ ಗೊತ್ತು.

ಇದನ್ನೆಲ್ಲ ಕೇಳಿ ಒಬ್ಬ ಗೆಳೆಯ, ಹಾಗಾದ್ರೆ ನೀನು ಯಾಕೆ ನೋಡ್ತಾ ಕೂತದ್ದು, ಡಿಲೀಟ್ ಮಾಡು ಅಂದ. ಅದು ನನ್ನಿಂದ ಆಗುವುದಿಲ್ಲ. ಉತಮಾರೊ ಅನ್ನುವ ಚಿತ್ರಗಾರನನ್ನು ಬಿಟ್ಟುಬಿಡುವುದು ಹೇಗೆ ಹೇಳಿ. ಅವನ ಒಂದು ಸೀರೀಸ್ 1794ರ ಹೊತ್ತಿನದ್ದು, ಯೊಶಿವಾರದ ಹನ್ನೆರಡು ಹೊತ್ತು ಅಂತ. ಅವರ ಹಳೇ ಲೆಕ್ಕದಲ್ಲಿ ದಿನಕ್ಕೆ ಹನ್ನೆರಡು ಹೊತ್ತು, ಒಂದೊಂದಕ್ಕೂ ಒಂದು ಪ್ರಾಣಿ. ಅಲ್ಲಿ ಮೆರವಣಿಗೆಯ ಪೋಸು ಇಲ್ಲ. ನಾಯಿಯ ಹೊತ್ತು, ರಾತ್ರಿ ಎಂಟರ ಸುಮಾರಿಗೆ, ಒಬ್ಬಳು ಉದ್ದ ಕಾಗದ ಬರೀತಾ ಬರೀತಾ ನಿಲ್ಲಿಸಿ ತಿರುಗಿ ಪಕ್ಕದ ಕಮುರೊಗೆ ಗುಟ್ಟಿನಲ್ಲಿ ಎಂತದೋ ಹೇಳ್ತಿದ್ದಾಳೆ. ಎತ್ತಿನ ಹೊತ್ತು, ನಡುರಾತ್ರಿ ಎರಡು ಗಂಟೆ, ನಿದ್ದೆಗಣ್ಣಿನಲ್ಲಿ ಎದ್ದವಳು ಒಂದು ಕೈಯಲ್ಲಿ ಉರಿಯುವ ಕಾಗದದ ಬತ್ತಿ ಹಿಡಿದು ಕಾಲಿನಲ್ಲಿ ಚಪ್ಪಲಿ ಹುಡುಕ್ತಿದ್ದಾಳೆ. ಹೇರ್‌ಪಿನ್ನಿನ ಗದ್ದಲ ಇಲ್ಲ, ಗಿರಾಕಿ ಇಲ್ಲ. ಇದನ್ನು ಜಾಹೀರಾತು ಅಂತ ಹೇಗೆ ಹೇಳುವುದು? ಅದೂ ಒಂದು ತರದ ಜಾಹೀರಾತೇ, ಒಳಮನೆ ತೋರಿಸ್ತೇನೆ ಬಾ ಅಂತ, ಅಂತ ವಾದ ಮಾಡುವವರು ಇದ್ದಾರೆ. ಇರಬಹುದು. ಆದ್ರೆ ಆ ಸುಸ್ತು ಉಂಟಲ್ಲ, ಭುಜ ಇಳಿದದ್ದು, ಅದನ್ನು ನೋಡದೆ ಬರೀಲಿಕ್ಕೆ ಆಗುವುದಿಲ್ಲ.

ಕಾಸರಗೋಡು ಸೀರೆ ನೇಯುವ ಪರಿಚಯದ ಅಕ್ಕ ಒಬ್ಬರಿಗೆ ಕೊರ್ಯುಸಾಯ್ ಚಿತ್ರಗಳನ್ನು ವಾಟ್ಸಪ್ಪಲ್ಲಿ ಕಳಿಸಿದ್ದೆ, ಡಿಸೈನ್ ನೋಡಿ ಖುಷಿಯಾಗಲಿ ಅಂತ. ಅವರು ಜೂಮ್ ಮಾಡಿ ನೋಡಿ ಹೇಳಿದ್ದು ನನಗೆ ಹೊಳೆದೇ ಇರ್ಲಿಲ್ಲ. ದೊಡ್ಡವಳ ಬಟ್ಟೆಯಲ್ಲಿ ಇರುವ ಹೂವೇ ಕೂಸಿನ ಬಟ್ಟೆಯಲ್ಲೂ ಇದ್ದರೆ ಅದು ಉಳಿದ ತುಂಡಿನಲ್ಲಿ ಹೊಲಿದದ್ದಲ್ಲ, ಕೂಸಿನ ಅಳತೆಗೆ ಅಂತಲೇ ಹೂವು ಸಣ್ಣ ಮಾಡಿ ಬೇರೆ ಮಾಡಿಸಿದ್ದು, ಅದಕ್ಕೆ ಡಬಲ್ ಖರ್ಚು, ಬೆಳೆಯುವ ಮಕ್ಕಳಿಗೆ ಯಾರು ಇಷ್ಟು ಮಾಡಿಸ್ತಾರೆ ಅಂತ ಕೇಳಿದರು. ಯಾರು ಮಾಡಿಸ್ತಾರೆ ಅಂತ ನಾನು ಹೇಳಿದೆ, ಆ ಸಾಲದ ಕಥೆ. ಅವರಿಗೆ ಮಾತಿನ ಮಧ್ಯೆ ಫೋನ್ ಬಂತು, ಹೋದರು.

ಸರ್ಕಾರದ ಕಥೆ ಬೇಗ ಹೇಳಿ ಮುಗಿಸ್ತೇನೆ, ಅದು ಎಲ್ಲ ಊರಿನ ಸರ್ಕಾರದ ಹಾಗೇ. 1790ರಿಂದ ಪ್ರತಿ ಪ್ರಿಂಟಿಗೂ ಸೆನ್ಸಾರಿನ ಸೀಲು ಬೇಕು. 1793ರಲ್ಲಿ, ಗಣಿಕೆಯರದ್ದು ಬಿಟ್ಟು ಬೇರೆ ಹೆಂಗಸರ ಹೆಸರು ಚಿತ್ರದಲ್ಲಿ ಹಾಕಬಾರದು ಅಂತ ಆರ್ಡರು, ಯಾಕಂದ್ರೆ ಚಹಾದಂಗಡಿಯ ಚಂದದ ಹುಡುಗಿಯರದ್ದೂ ಉತಮಾರೊ ಬರೆದು ಅವರೂ ಫೇಮಸ್ ಆಗಿಬಿಟ್ಟಿದ್ದರು. ಹೆಸರು ಬೇಡ ಅಂದ್ರಾ ಸರಿ ಅಂತ ಇವರು ಹೆಸರನ್ನು ಚಿತ್ರದ ಒಗಟು ಮಾಡಿ ಮೂಲೆಯಲ್ಲಿ ಹಾಕಿದರು, 1796ರಲ್ಲಿ ಅದಕ್ಕೂ ಬ್ಯಾನ್. ಆ ಆಲ್ಬಮ್ಮಿನ ಮಸನೊಬು ಕಥೆ ಪುಸ್ತಕ ಬರೆದದ್ದಕ್ಕೆ 1791ರಲ್ಲಿ 50 ದಿನ ಕೈಗೆ ಬೇಡಿ, ತ್ಸುತಾಯಾನ ಅರ್ಧ ಆಸ್ತಿ ದಂಡಕ್ಕೆ ಹೋಯ್ತು. 1804ರಲ್ಲಿ ಉತಮಾರೊಗೂ 50 ದಿನ ಬೇಡಿ, ಅದು ಹೆಂಗಸರ ಚಿತ್ರಕ್ಕಲ್ಲ, ಹಿದೆಯೊಶಿ ಅನ್ನುವ ಹಳೇ ದೊರೆಯ ಚಿತ್ರ ಬರೆದದ್ದಕ್ಕೆ, ಎರಡು ವರ್ಷದಲ್ಲಿ ತೀರಿಹೋದ. 1842ರಲ್ಲಿ ಗಣಿಕೆಯರದ್ದು, ಹಾಡು ಕುಣಿತದ ಗೇಯ್ಶಾಗಳದ್ದು, ನಟರದ್ದು ಎಲ್ಲ ಚಿತ್ರ ಬಂದ್. ಚಿತ್ರ ಬಂದ್, ಕೇರಿ ಬಂದ್ ಅಲ್ಲ, ನೋಡಿ! ಕೇರಿಯ ಲೈಸೆನ್ಸ್ ನಡೀತಾ ಇತ್ತು. ಅದು ಪೂರ್ತಿ ಮುಚ್ಚಿದ್ದು 1958ರಲ್ಲಿ, ಬೇರೆ ಕಾನೂನು ಬಂದ ಮೇಲೆ. ಕೇರಿಯ ಹತ್ರ ಮಿನೊವಾ ಅನ್ನುವಲ್ಲಿ ಜೋಕಾಂಜಿ ಅಂತ ದೇವಸ್ಥಾನ ಉಂಟು, ಹೇಳಕೇಳುವವರಿಲ್ಲದೆ ಸತ್ತ ಯೊಶಿವಾರದ ಹೆಂಗಸರನ್ನು ತಂದು ಹಾಕ್ತಿದ್ದ ಜಾಗ, ಸುಮಾರು 25,000 ಮಂದಿ ಅಂತ ಹೇಳ್ತಾರೆ. 1855ರ ಭೂಕಂಪದಲ್ಲಿ ಸತ್ತವರೂ ಅಲ್ಲೇ.

ಬಣ್ಣದ ವಿಷಯ ಹೇಳದಿದ್ರೆ ಪ್ರೆಸ್ಸಿನವ ಅಂತ ಹೇಳಿಕೊಳ್ಳುವುದು ಬೇಡ. ಈ ಚಿತ್ರಗಳ ನೀಲಿ ಬಹಳ ಸಲ ತ್ಸುಯುಕುಸಾ ಅನ್ನುವ ಒಂದು ಸಣ್ಣ ಹೂವಿನಿಂದ ತೆಗೆದದ್ದು, ಬೆಳಕು ಬಿದ್ದರೆ ನೀರು ಬಿದ್ದರೆ ಹೋಯ್ತು, ಹಳದಿ ಬೂದು ಆಗ್ತದೆ. ಅದಕ್ಕೆ ಕುಸುಬೆ ಹೂವಿನ ಕೆಂಪು ಸೇರಿಸಿ ಮಾಡಿದ ನೇರಳೆ ಕಂದಾಗ್ತದೆ. ನಾವು ಈಗ ನೋಡಿ ಆಹಾ ಎಷ್ಟು ಮೆದು ಬಣ್ಣ, ಜಪಾನಿ ಟೇಸ್ಟ್ ಅಂದ್ರೆ ಇದು ಅನ್ನುವುದರಲ್ಲಿ ಅರ್ಧಕ್ಕರ್ಧ ಬಣ್ಣ ಹಾರಿದ್ದು! ಬೋಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸಿಗೆ 1921ರಲ್ಲಿ ಸ್ಪಾಲ್ಡಿಂಗ್ ಅಂತ ಅಣ್ಣತಮ್ಮ ಸುಮಾರು 6,500 ಪ್ರಿಂಟು ದಾನ ಕೊಟ್ಟರು, ಕಂಡೀಷನ್ ಎಂತ ಹೇಳಿದ್ರೆ ಯಾವತ್ತೂ ಗೋಡೆಗೆ ತೂಗಿ ಪ್ರದರ್ಶನ ಮಾಡಬಾರದು. ಕತ್ತಲೆಯಲ್ಲೇ ಇದ್ದ ಕಾರಣ ಅವುಗಳ ಬಣ್ಣ ಈಗಲೂ ಹೊಸತರ ಹಾಗೆ. ಅದರ ಸ್ಕ್ಯಾನುಗಳನ್ನು ನೋಡಿದ್ರೆ ಕಮುರೊ ಬಟ್ಟೆ ಮೆದು ಗಿದು ಎಂತ ಅಲ್ಲ, ಕಣ್ಣಿಗೆ ಕುಕ್ಕುವ ನೇರಳೆ, ಕೆಂಪು, ದೂರದಿಂದಲೇ ಕಾಣಬೇಕು ಅಂತ ಮಾಡಿದ್ದು.

ನೋಡ್ಬೇಕು ಅನ್ನುವವರಿಗೆ: ಬೋಸ್ಟನ್, ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಮೂರರ ಸೈಟಿನಲ್ಲೂ ಉಂಟು. ಕಲಾವಿದನ ಹೆಸರು ಹಾಕಬೇಡಿ, ಉತಮಾರೊ ಅಂತ ಹಾಕಿದ್ರೆ ಸಾವಿರ ಬಂದು ಬೀಳ್ತದೆ. ಹನಾಓಗಿ ಅಂತ ಹಾಕಿ ಇಸವಿ ಪ್ರಕಾರ ಜೋಡಿಸಿ. ಮೊಬೈಲಿನಲ್ಲಿ ಬೇಡ, ಹೆಸರು ಬರೆದ ಜಾಗ ಕಾಣುವುದಿಲ್ಲ. ನಾನು ಹಾಗೆ ಜೋಡಿಸ್ತಾ ಯೊಶಿನೊ ತಾತ್ಸುತರ ಒಂದು ಪಟ್ಟಿ ಮಾಡ್ತಿದ್ದೇನೆ, ಯಾವ ಇಸವಿ, ಯಾವ ಕಲಾವಿದ, ಯಾವ ಬಟ್ಟೆ ಅಂತ. ಕೆಲವು ಚಿತ್ರಗಳಲ್ಲಿ ಮ್ಯೂಸಿಯಂನವರು ಓಯಿರಾನ್ ಹೆಸರು ಮಾತ್ರ ಟೈಪ್ ಮಾಡಿ ಕೂಸುಗಳದ್ದು ಬಿಟ್ಟಿದ್ದಾರೆ, ಚಿತ್ರದಲ್ಲಿ ಬರೆದದ್ದು ಮಾತ್ರ ಉಂಟು. ಮಂಗಳೂರು ಬೆಂಗಳೂರು ಕಡೆ ಕಂಪೆನಿ ಕೆಲಸಕ್ಕೆ ಜಪಾನಿ ಕಲಿತವರು ಸುಮಾರು ಜನ ಇದ್ದೀರಿ, ಆ ಹಳೇ ಓಡುಬರಹ ಓದ್ಲಿಕ್ಕೆ ಬರುವವರು ಯಾರಾದರೂ ಇದ್ದರೆ ಮೆಸೇಜ್ ಹಾಕಿ, ಸ್ಕ್ರೀನ್‌ಶಾಟ್ ಕಳಿಸ್ತೇನೆ.